ಹೆಸರಿನ ಮೇಲೊಂದು ಕಾಗದದ ಪಟ್ಟಿ

ಟೈಪಕ್ಕನ ಕೋಣೆ ಆಸ್ಪತ್ರೆಯ ನೆಲಮಾಳಿಗೆಯಲ್ಲಿತ್ತು. ಹದಿನಾಲ್ಕು ಮೆಟ್ಟಿಲು ಇಳಿದು, ಎಡಕ್ಕೆ ತಿರುಗಿ, ಬಟ್ಟೆ ಒಗೆಯುವ ಯಂತ್ರಗಳ ಸದ್ದು ದಾಟಿದರೆ ಅವಳ ಬಾಗಿಲು. ಕಿಟಕಿಯೊಂದಿತ್ತು, ಅದರಲ್ಲಿ ಕಾಣುತ್ತಿದ್ದುದು ಹೊರಗೆ ಓಡಾಡುವವರ ಪಾದಗಳು ಮಾತ್ರ. ಇಪ್ಪತ್ತೆರಡು ವರ್ಷ ಅವಳು ಅಲ್ಲಿ ಕುಳಿತು, ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು, ಡಾಕ್ಟರುಗಳು ಹೇಳಿದ್ದನ್ನು ಹೇಳಿದ ಹಾಗೆಯೇ ಟೈಪು ಮಾಡಿದಳು. ಯಾರಿಗೆ ಏನು ಕಾಯಿಲೆ, ಯಾರ ಹೊಟ್ಟೆಯಲ್ಲಿ ಎಂಥ ಗಡ್ಡೆ, ಯಾರು ಎಷ್ಟು ದಿನ ಮಲಗಿದ್ದರು, ಕೊನೆಗೆ ನಡೆದುಕೊಂಡು ಹೋದರೋ ಹೊತ್ತುಕೊಂಡು ಹೋದರೋ, ಎಲ್ಲವೂ ಅವಳ ಹತ್ತು ಬೆರಳಿನ ಕೆಳಗೆ ಹಾದುಹೋಗುತ್ತಿತ್ತು. ಬೆರಳು ದಾಟಿದ್ದು ನಾಲಿಗೆಗೆ ಬರುತ್ತಿರಲಿಲ್ಲ. ಬೀದಿಯಲ್ಲಿ ಎದುರು ಸಿಗುವ ಅರ್ಧ ಜನರ ಒಳಗಿನ ಸಂಗತಿ ಅವಳಿಗೆ ಗೊತ್ತಿತ್ತು; "ಊಟ ಆಯ್ತಾ" ಎನ್ನುವುದಕ್ಕಿಂತ ಹೆಚ್ಚಿನದನ್ನು ಅವರಲ್ಲಿ ಕೇಳಿದವಳಲ್ಲ.

ಅವಳ ಕೆಲಸಕ್ಕೆ ಎರಡೇ ನಿಯಮ. ಒಂದು, ವರದಿಯಲ್ಲಿ ಇರುವುದನ್ನು ಬಿಡಬಾರದು, ಇಲ್ಲದ್ದನ್ನು ಸೇರಿಸಬಾರದು. ಎರಡು, ಹೊಸಬರಿಗೆ ಕಲಿಸಲು ಹಳೆಯ ವರದಿ ತೋರಿಸಬೇಕಾಗಿ ಬಂದರೆ ಹೆಸರಿನ ಮೇಲೂ ನಂಬರಿನ ಮೇಲೂ ಒಂದೊಂದು ಕಾಗದದ ಪಟ್ಟಿ ಅಂಟಿಸಬೇಕು. ಹೆಡ್ ಗುಮಾಸ್ತರು ಪಟ್ಟಿಗಳನ್ನು ಒಂದೇ ಅಳತೆಗೆ ಕತ್ತರಿಸಿ ಡಬ್ಬಿಯಲ್ಲಿ ತುಂಬಿಸಿಡುತ್ತಿದ್ದರು. "ಪಟ್ಟಿ ಬಿತ್ತು ಅಂದ್ರೆ ಆ ಮನುಷ್ಯ ಯಾರೂ ಅಲ್ಲ, ಬರೀ ಕಾಯಿಲೆ" ಎಂದು ಅವರು ಹೇಳುತ್ತಿದ್ದರು. ಟೈಪಕ್ಕ ಅದನ್ನು ದೇವರಿಗೆ ದೀಪ ಹಚ್ಚುವಷ್ಟು ನಿಷ್ಠೆಯಿಂದ ನಂಬಿದ್ದಳು.

ಆಮೇಲೆ ಡಾಕ್ಟರ ಮಾತನ್ನು ತಾನೇ ಕೇಳಿ ತಾನೇ ಬರೆಯುವ ಯಂತ್ರ ಬಂತು. ಮೊದಲ ಮೂರು ತಿಂಗಳು ಅದು ಮಾಡಿದ ತಪ್ಪುಗಳನ್ನು ಟೈಪಕ್ಕನೇ ಕೂತು ತಿದ್ದಿದಳು. ತಿದ್ದಿ ತಿದ್ದಿ ಅದು ಚುರುಕಾಯಿತು. ನಾಲ್ಕನೆಯ ತಿಂಗಳು ಅವಳಿಗೆ ಒಂದು ಶಾಲು ಹೊದಿಸಿ ಮನೆಗೆ ಕಳಿಸಿದರು. ತನ್ನ ಗುಂಡಿಗೆ ತಾನೇ ಗುದ್ದಲಿ ಹಿಡಿದ ಹಾಗಾಯಿತು.

ಅದೇ ವರ್ಷ ಗಂಡನಿಗೆ ಲಕ್ವ ಹೊಡೆಯಿತು. ಅವನು ಅಂಗಡಿಗಳ ಬೋರ್ಡು ಬರೆಯುವ ಪೇಂಟರು. ಆ ಬೀದಿಯ ಹದಿನೇಳು ಬೋರ್ಡು ಅವನ ಕೈಯವು. ಬಲಗೈ ಹೋಯಿತು, ಬಲಗಾಲು ಹೋಯಿತು, ಮಾತೂ ಹೋಯಿತು. ಉಳಿದದ್ದು ಒಂದೇ ಒಂದು ಪದ: "ಸರಿ." ಹಸಿವಾದರೂ ಸರಿ, ನೋವಾದರೂ ಸರಿ, ಹಾಸಿಗೆ ಒದ್ದೆಯಾದರೂ ಸರಿ. ಯಾವ ಸರಿಗೆ ಏನು ಅರ್ಥ ಎಂದು ತಿಳಿಯುವವಳು ಈ ಲೋಕದಲ್ಲಿ ಒಬ್ಬಳೇ. ಎರಡು ಗಂಟೆಗೊಮ್ಮೆ ಅವನನ್ನು ಮಗ್ಗುಲು ಬದಲಿಸಬೇಕು. ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಹಾಗಾಗಿ ಅವಳಿಗೆ ಬೇಕಾದದ್ದು ಮನೆಯಲ್ಲೇ ಕೂತು ಮಾಡುವ ಕೆಲಸ. ಇಲ್ಲವಾದರೆ ಉಳಿದದ್ದು ಊರಾಚೆಯ ಆರೈಕೆ ಮನೆ. ಅದನ್ನು ಅವಳು ನೋಡಿ ಬಂದಿದ್ದಳು. ಉದ್ದನೆಯ ಒಂದು ಕೋಣೆ, ಹದಿನೆಂಟು ಮಂಚ, ನೋಡಿಕೊಳ್ಳಲು ಒಬ್ಬಾಕೆ. ಮಲಗಿದವರೆಲ್ಲ ಒಂದೇ ಕಡೆಗೆ ಮುಖ ಮಾಡಿದ್ದರು, ಏಕೆಂದರೆ ಆಕೆ ಎಲ್ಲರನ್ನೂ ಒಂದೇ ಸಲ ತಿರುಗಿಸುತ್ತಿದ್ದಳು. ಕಿಟಕಿಯ ಕಡೆಯ ಒಂದು ಮಂಚವನ್ನು ತಿಂಗಳ ಕೊನೆಯವರೆಗೆ ಕಾದಿರಿಸಿ ಬಂದಿದ್ದಳು. ಆ ಮಂಚ ಖಾಲಿಯಾಗಿಯೇ ಉಳಿಯಲಿ ಎಂದು ದಿನಾ ಅಂದುಕೊಳ್ಳುತ್ತಿದ್ದಳು.

ದೂರದ ಕಂಪನಿಗಳಿಗೆ ಮೂವತ್ತೊಂದು ಅರ್ಜಿ ಹಾಕಿದಳು. ಮೂವತ್ತಕ್ಕೆ ಉತ್ತರವೇ ಇಲ್ಲ. ಒಂದಕ್ಕೆ ಬಂತು: ನಿಮ್ಮನ್ನು ಆನ್‌ಲೈನಿನಲ್ಲಿ ಹುಡುಕಿದೆವು, ಏನೂ ಸಿಗಲಿಲ್ಲ, ನಿಮ್ಮ ಕೆಲಸ ಕಾಣುವಂತೆ ಏನಾದರೂ ಇದ್ದರೆ ಕಳಿಸಿ.

ನಾದಿನಿ ಅದನ್ನು ಓದಿ ನಕ್ಕಳು. ಅವಳು ಎರಡು ಮನೆಯಾಚೆ ಇದ್ದು, ಹೊದಿಕೆ, ದಿಂಬಿನ ಚೀಲಗಳನ್ನು ಫೋನಿನಲ್ಲೇ ಮಾರುವವಳು. ಬಾಯಿ ಜೋರು, ಕರುಳು ಮೆತ್ತಗೆ.

"ಅತ್ತಿಗೆ, ಅವರು ಹೇಳಿದ್ದು ಸರಿಯಾಗೇ ಇದೆ. ಈಗಿನ ಕಾಲದಲ್ಲಿ ಅಲ್ಲಿ ಇಲ್ಲ ಅಂದ್ರೆ ಎಲ್ಲೂ ಇಲ್ಲ ಅಂತ. ನೀನು ಬದುಕಿದ್ದೀಯ ಅನ್ನೋದಕ್ಕೆ ರೇಷನ್ ಕಾರ್ಡ್ ಬಿಟ್ರೆ ಇನ್ನೇನು ಸಾಕ್ಷಿ ಇದೆ?"

"ನಿಮ್ಮಣ್ಣನ್ನ ಕೇಳು."

"ಅವನು ಸರಿ ಅಂತಾನೆ, ಅಷ್ಟೇ."

ಮಂಚದಿಂದ "ಸರಿ" ಎಂದು ಕೇಳಿಸಿತು. ಇಬ್ಬರೂ ನಕ್ಕರು. ಆ ತಿಂಗಳು ಆ ಮನೆಯಲ್ಲಿ ನಗು ಕೇಳಿಸಿದ್ದು ಅದೇ ಕೊನೆ.

ನಾದಿನಿ ಅವಳನ್ನು ಗೋಡೆಗೆ ಒರಗಿಸಿ ಫೋಟೋ ತೆಗೆದಳು. "ನಗು ಸ್ವಲ್ಪ. ಸಾವಿನ ಮನೆಗೆ ಬಂದವಳ ಥರ ನಿಂತ್ಕೊಬೇಡ." ಹನ್ನೊಂದನೆಯದು ಪರವಾಗಿಲ್ಲ ಎನ್ನಿಸಿತು. ಕೆಲಸ ಹುಡುಕುವವರ ತಾಣವೊಂದರಲ್ಲಿ ಪ್ರೊಫೈಲ್ ಆಯಿತು. ದಿನಕ್ಕೊಂದು ಪೋಸ್ಟು ಹಾಕಬೇಕೆಂದು ನಾದಿನಿ ಕಟ್ಟಪ್ಪಣೆ ಮಾಡಿದಳು. ಗಂಡ ಮಧ್ಯಾಹ್ನ ಮಲಗಿದಾಗ ಟೈಪಕ್ಕ ಕೂತು ಬರೆದಳು: ಬೇಗ ಟೈಪು ಮಾಡುವುದು ಹೇಗೆ, ಬೆನ್ನು ನೋಯದಂತೆ ಕೂರುವುದು ಹೇಗೆ. ಎರಡು ವಾರಕ್ಕೆ ಸಿಕ್ಕ ಲೈಕುಗಳು ಆರು. ಆರರಲ್ಲಿ ಎರಡು ನಾದಿನಿಯವು. ಎರಡು ಫೋನು ಅವಳಿಗೆ.

"ಇದೆಲ್ಲ ಯಾರಿಗೆ ಬೇಕು ಅತ್ತಿಗೆ? ಇಪ್ಪತ್ತೆರಡು ವರ್ಷದಲ್ಲಿ ಎದೆ ತಟ್ಟಿ ಹೇಳೋ ಅಂಥದ್ದು ಒಂದೂ ಮಾಡಿಲ್ವಾ ನೀನು?"

ಒಂದಿತ್ತು. ಬೀದಿಗೆಲ್ಲ ಗೊತ್ತಿದ್ದದ್ದೇ.

ಬೀದಿಯ ಮೂಲೆಯಲ್ಲಿ ಕಟಿಂಗ್ ಶಾಪು. ಅದರ ಯಜಮಾನನನ್ನು ಎಲ್ಲರೂ ಒಂದೂವರೆ ಎಂದೇ ಕರೆಯುತ್ತಿದ್ದರು, ಎಡಗಾಲು ಗಿಡ್ಡ, ಕುಂಟುತ್ತಿದ್ದ. ಆ ಹೆಸರು ಇಟ್ಟುಕೊಂಡವನೂ ಅವನೇ. ಒಂಬತ್ತು ವರ್ಷದ ಹಿಂದೆ ಲಾರಿಯೊಂದು ಸೈಕಲಿಗೆ ಗುದ್ದಿ ಅವನ ಎಡತೊಡೆಯ ಮೂಳೆ ಮುರಿದಿತ್ತು. ಆಪರೇಷನ್ನಿನ ಹಿಂದಿನ ದಿನ ಡಾಕ್ಟರು ವರದಿ ಹೇಳುವಾಗ ಬಾಯಿ ತಪ್ಪಿ ಬಲತೊಡೆ ಎಂದಿದ್ದರು. ಟೈಪಕ್ಕನ ಬೆರಳು ಅಲ್ಲಿ ನಿಂತಿತು. ಹೇಳಿದ್ದನ್ನು ಹೇಳಿದ ಹಾಗೆ ಬರೆಯಬೇಕು, ಆದರೆ ಮೇಲಿನ ಸಾಲುಗಳಲ್ಲೆಲ್ಲ ಎಡ ಎಂದಿತ್ತು. ಅವಳು ಎಕ್ಸ್‌ರೇ ಹುಡುಕಿಸಿ, ಅದನ್ನು ಹಿಡಿದುಕೊಂಡು ಹದಿನಾಲ್ಕು ಮೆಟ್ಟಿಲು, ಅದರ ಮೇಲೆ ಎರಡು ಮಹಡಿ ಹತ್ತಿ, ಡಾಕ್ಟರ ಮುಂದೆ ನಿಂತು, "ಸಾರ್, ಇದು ಯಾವ ಕಾಲು?" ಎಂದು ಕೇಳಿದಳು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ, ಬಲ ಎಂಬುದನ್ನು ತಾವೇ ಹೊಡೆದು ಎಡ ಎಂದು ಬರೆದರು.

ಈ ಕಥೆಯನ್ನು ಊರಿಗೆ ಹಂಚಿದವನು ಒಂದೂವರೆಯೇ. ಕುರ್ಚಿಯಲ್ಲಿ ಕೂತವರಿಗೆ ಸೋಪು ಹಚ್ಚುತ್ತಾ ಹೇಳುತ್ತಿದ್ದ: "ಎಡಗಾಲು ಅರ್ಧ, ಬಲಗಾಲು ಪೂರ್ತಿ, ಒಟ್ಟು ಒಂದೂವರೆ. ನಮ್ಮ ಟೈಪಕ್ಕ ಇಲ್ದೇ ಹೋಗಿದ್ರೆ ಎರಡೂ ಅರ್ಧ ಆಗಿ ಬರೀ ಒಂದು ಆಗ್ತಿದ್ದೆ." ಪೇಂಟರು ಮಲಗಿದಂದಿನಿಂದ ಅವನು ಪ್ರತಿ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಪೆಟ್ಟಿಗೆ ಹಿಡಿದು ಮನೆಗೇ ಬಂದು ಗಡ್ಡ ಮಾಡಿ ಹೋಗುತ್ತಿದ್ದ. "ಪೇಂಟ್ರೇ, ನನ್ನ ಅಂಗಡಿ ಬೋರ್ಡಿನ ಬಣ್ಣ ಇನ್ನೂ ಮಾಸಿಲ್ಲ. ನಿಮ್ಮ ಕೆನ್ನೆ ಯಾಕೆ ಮಾಸ್ಬೇಕು?" ಎನ್ನುತ್ತಿದ್ದ. ಪೇಂಟರು ಗದ್ದ ಮೇಲೆತ್ತಿ "ಸರಿ" ಎನ್ನುತ್ತಿದ್ದ. ಅದು ಸಂತೋಷದ ಸರಿ.

ಆ ವರದಿಯನ್ನೇ ಮಾದರಿಯಾಗಿ ಹಾಕುವುದೆಂದು ಟೈಪಕ್ಕ ನಿರ್ಧರಿಸಿದಳು. ವರದಿಯ ಕಾಗದ ಅವಳ ಬಳಿ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ, ಸಾಲು ಸಾಲೂ ನೆನಪಿನಲ್ಲಿತ್ತು. ಮೊದಲಿಂದ ಟೈಪು ಮಾಡಿದಳು. ರೋಗಿ, ಗಂಡಸು, ವಯಸ್ಸು ಮೂವತ್ತೆಂಟು, ಉದ್ಯೋಗ ಕಟಿಂಗ್ ಶಾಪು. ಎಡತೊಡೆ ಮೂಳೆ ಮುರಿತ. ರಕ್ತದೊತ್ತಡ ಇಷ್ಟು, ನಾಡಿ ಇಷ್ಟು. ಹಿಂದಿನ ಕಾಯಿಲೆ: ಹದಿನಾರನೆಯ ವಯಸ್ಸಿನಿಂದ ಮೂರ್ಛೆ ರೋಗ, ದಿನಾ ಮಾತ್ರೆ, ಕೊನೆಯ ಸಲ ಬಂದು ನಾಲ್ಕು ವರ್ಷ. ಅಲರ್ಜಿ ಇಲ್ಲ. ಆಮೇಲೆ ಹೆಸರಿನ ಜಾಗಕ್ಕೂ ನಂಬರಿನ ಜಾಗಕ್ಕೂ ಕಪ್ಪು ಪಟ್ಟಿ ಎಳೆದಳು. ಕೆಳಗೆ, ತಾನು ಎಕ್ಸ್‌ರೇ ಹಿಡಿದು ಮೆಟ್ಟಿಲು ಹತ್ತಿದ್ದನ್ನು ಬರೆದಳು.

ನಾದಿನಿ ಅಷ್ಟುದ್ದದ ವರದಿಯ ಮೇಲೆ ಕಣ್ಣು ಹಾಯಿಸಿದಳು, ಓದಲಿಲ್ಲ. "ಉದ್ಯೋಗ ಗಿದ್ಯೋಗ ಎಲ್ಲ ಬದಲಾಯ್ಸು ಅತ್ತಿಗೆ. ಬಡಗಿ ಅಂತ ಹಾಕು. ಯಾರು ನೋಡ್ತಾರೆ?"

"ವರದಿಯಲ್ಲಿ ಸುಳ್ಳು ಬರೀಬಾರ್ದು."

"ಇದೇನು ಆಸ್ಪತ್ರೆನಾ?"

"ಪಟ್ಟಿ ಹಾಕಿದೀನಲ್ಲ. ಇನ್ನು ಅದು ಯಾರೂ ಅಲ್ಲ."

ಹಾಗೆಂದು ಅವಳು ಪೂರ್ಣ ಮನಸ್ಸಿನಿಂದ ಹೇಳಿದಳು. ಕಾಲಿನ ಕಥೆ ಊರಿಗೇ ಗೊತ್ತಿದ್ದರಿಂದ ಪಟ್ಟಿಗೆ ಬೆಲೆಯೇ ಇಲ್ಲ ಎಂಬುದು ಅವಳಿಗೆ ಹೊಳೆಯಲಿಲ್ಲ. ಮೂರ್ಛೆಯ ಸಾಲು ಅವಳಿಗೆ ನಾಡಿಯ ಸಾಲಿನಂತೆಯೇ ಒಂದು ಸಾಲು. ಬಿಟ್ಟರೆ ವರದಿ ಅರೆಬರೆಯಾಗುತ್ತದೆ.

ಪೋಸ್ಟು ಓಡಿತು. ಸಂಜೆಗೆ ಇನ್ನೂರು, ಮಾರನೆಯ ದಿನ ನಾಲ್ಕು ಸಾವಿರ. ಇಂಥವರು ಬೇಕು ಎಂದು ಯಾರ್ಯಾರೋ ಬರೆದರು. ನಾದಿನಿ ಹಿಗ್ಗಿ ಹೀರೇಕಾಯಿಯಾಗಿ ತನ್ನ ಗಿರಾಕಿಗಳ ಗುಂಪಿಗೂ ಅದನ್ನು ಕಳಿಸಿದಳು. ಇನ್ನೂರ ಮೂವತ್ತು ಹೆಂಗಸರು, ಮುಕ್ಕಾಲು ಪಾಲು ಆ ಬಡಾವಣೆಯವರೇ. ಮೂರನೆಯ ದಿನ ಆ ಒಂದು ಉತ್ತರ ಬಂದಿತ್ತಲ್ಲ, ಆ ಕಂಪನಿಯಿಂದಲೇ ಫೋನು ಬಂತು. ಮಾತಾಡಿದಾಕೆ ಮೃದುವಾಗಿ ಮಾತಾಡಿದಳು. ನಿಮ್ಮ ಪೋಸ್ಟು ನೋಡಿದೆವು, ಬಹಳ ಹಿಡಿಸಿತು, ಪರೀಕ್ಷೆ ಒಂದಿದೆ ಎಂದಳು. ಟೈಪಕ್ಕ ಪರೀಕ್ಷೆ ಬರೆದಳು. ಒಂದು ತಪ್ಪೂ ಇರಲಿಲ್ಲ. ಬುಧವಾರ ಕೊನೆಯ ಮಾತು, ಆಮೇಲೆ ಕೆಲಸದ ಕಾಗದ ಎಂದರು.

ಆ ದಿನ ಗಂಡನ ಮಗ್ಗುಲು ಬದಲಿಸುವಾಗ ಅವಳು ಅವನ ಕಿವಿಯಲ್ಲಿ ಹೇಳಿದಳು: "ಎಲ್ಲೂ ಹೋಗ್ಬೇಕಾಗಿಲ್ಲ ನೀವು." ಅವನು ಅವಳ ಸೆರಗನ್ನು ಎಡಗೈಯಲ್ಲಿ ಹಿಡಿದುಕೊಂಡ, ಸುಮಾರು ಹೊತ್ತು ಬಿಡಲಿಲ್ಲ.

ಆ ಭಾನುವಾರ ಒಂದೂವರೆ ಬರಲಿಲ್ಲ. ಮೈ ಹುಷಾರಿಲ್ಲವೇನೋ ಎಂದುಕೊಂಡಳು. ಸೋಮವಾರ ಬೆಳಿಗ್ಗೆ ನಾದಿನಿ ಬಂದು ಬಾಗಿಲಲ್ಲೇ ನಿಂತಳು.

"ಅತ್ತಿಗೆ, ಅವನಿಗೆ ಫಿಟ್ಸ್ ಇದೆ ಅಂತ ನಂಗೆ ಯಾಕೆ ಹೇಳ್ಲಿಲ್ಲ?"

"ಯಾರಿಗೆ?"

"ನಾಟಕ ಆಡಬೇಡ. ಬೀದಿಯೆಲ್ಲ ಅದೇ ಮಾತು. ಕತ್ತಿ ಹಿಡಿದಿರೋವಾಗ ಕೈ ಎಳೆದ್ರೆ ಕತ್ತು ಏನಾಗ್ಬೇಕು ಅಂತಿದಾರೆ. ಒಬ್ಬ ಗಿರಾಕಿನೂ ಹೋಗ್ತಿಲ್ಲ. ಮಕ್ಕಳನ್ನ ಕೂದಲು ಕತ್ತರಿಸೋಕೂ ಕಳಿಸ್ತಿಲ್ಲ."

ಟೈಪಕ್ಕ ಗಂಡನನ್ನು ನಾದಿನಿಗೆ ಒಪ್ಪಿಸಿ ಅಂಗಡಿಗೆ ನಡೆದಳು. ನೂರ ಹತ್ತು ಹೆಜ್ಜೆ. ಅಂಗಡಿಯಲ್ಲಿ ಮೂರು ಕುರ್ಚಿ, ಮೂರೂ ಖಾಲಿ. ನೆಲದ ಮೇಲೆ ಒಂದು ಕೂದಲೆಳೆಯೂ ಇರಲಿಲ್ಲ. ಒಂದೂವರೆ ಹಳೆಯ ಪೇಪರು ಓದುತ್ತಿದ್ದವನು ಎದ್ದು ನಿಂತ.

"ಬನ್ನಿ ಅಕ್ಕ, ಎಲ್ಲಿ ಬೇಕಾದ್ರೂ ಕೂತ್ಕೊಳ್ಳಿ. ಇವತ್ತು ಸೀಟಿಗೆ ಬರ ಇಲ್ಲ."

ಅವಳು ಕೂರಲಿಲ್ಲ. "ಹೆಸರು ಹಾಕಿರ್ಲಿಲ್ಲ ನಾನು" ಎಂದಳು.

"ಗೊತ್ತು, ಓದಿದೆ. ತುಂಬ ಚೆನ್ನಾಗಿ ಬರ್ದಿದೀರ. ಒಂದಕ್ಷರ ಸುಳ್ಳಿಲ್ಲ." ಅವನು ಪೇಪರನ್ನು ನಾಲ್ಕಾಗಿ ಮಡಚಿದ. "ಕಾಲಿನ ಕಥೆ ನನ್ನದು ಅಕ್ಕ. ಅದನ್ನ ಡಂಗುರ ಹೊಡೀರಿ, ಬೇಕಾದ್ರೆ ನಾನೇ ತಮಟೆ ಬಡೀತೀನಿ. ಈ ಇನ್ನೊಂದನ್ನ ನಾನು ಕಟ್ಕೊಂಡ ಹೆಂಡ್ತಿಗೂ ಮದುವೆ ಆಗಿ ಎರಡು ವರ್ಷ ಆದ್ಮೇಲೆ ಹೇಳಿದ್ದು. ನಿಮಗೆ ಗೊತ್ತು ಅಂತ ಗೊತ್ತಿತ್ತು. ಆಸ್ಪತ್ರೆಯಲ್ಲಿ ನೀವಿದೀರ ಅಂತ್ಲೇ ನಾನು ಅಲ್ಲಿ ನಿಜ ಹೇಳಿದ್ದು."

"ಮಾತ್ರೆ ತಗೊಳ್ತಿದೀಯಲ್ಲ?"

"ಹದಿಮೂರು ವರ್ಷ ಆಯ್ತು ಬಂದು. ಅದನ್ನ ಯಾರು ಓದ್ತಾರೆ? ಎರಡು ಪದ ಓದ್ತಾರೆ: ಕತ್ತಿ, ಮೂರ್ಛೆ."

ಅವನು ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಬೈಯಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಅವಳಿಗೆ ನೆನಪಾಯಿತು. ಕೆಲಸ ಬೇಕಾದದ್ದು ಅವಳಿಗೆ, ಕೆಲಸ ಹೋದದ್ದು ಅವನದು. ಬಾಗಿಲ ಮೇಲೆ ಗಂಡ ಬರೆದ ಬೋರ್ಡು ನಿನ್ನೆ ಬರೆದಂತೆ ಹೊಳೆಯುತ್ತಿತ್ತು.

ಮನೆಗೆ ಬಂದು ಅವಳು ಪೋಸ್ಟನ್ನು ಅಳಿಸಿದಳು. ಅಳಿಸಿದ್ದು ಅಳಿಯಲಿಲ್ಲ. ಯಾರ್ಯಾರೋ ಅದರ ಚಿತ್ರ ತೆಗೆದಿಟ್ಟುಕೊಂಡಿದ್ದರು. ಯಾರೋ ಅದಕ್ಕೆ ಅಂಗಡಿಯ ಫೋಟೋವನ್ನೂ ಜೋಡಿಸಿದ್ದರು. ನಾದಿನಿ ತನ್ನ ಗುಂಪಿನಲ್ಲಿ ಕೈಮುಗಿದು ಕೇಳಿಕೊಂಡಳು. ನಾಲ್ಕು ಜನ ತೆಗೆದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಳಿಸುವ ಮುಂಚೆ ಟೈಪಕ್ಕ ಕೆಳಗೆ ಬಂದಿದ್ದ ಮಾತುಗಳನ್ನೆಲ್ಲ ಓದಿದ್ದಳು. ಬಿಡುವ ಅಭ್ಯಾಸ ಅವಳಿಗಿಲ್ಲ, ಮುನ್ನೂರ ಹನ್ನೆರಡನ್ನೂ ಮೊದಲಿನಿಂದ ಕೊನೆಯವರೆಗೆ ಓದಿದಳು. ಕತ್ತು, ರಕ್ತ, ನಡುಗುವ ಕೈ. ಯಾರೋ ಒಬ್ಬ, ತನ್ನ ಕಣ್ಣೆದುರೇ ಹಾಗೆ ಆಯಿತೆಂದು ಕಂತೆ ಪುರಾಣ ಬರೆದಿದ್ದ. ಅದನ್ನೂ ಓದಿದಳು.

ಬುಧವಾರ ಕಂಪನಿಯಾಕೆಯ ಫೋನು ಬಂತು.

"ನಿಮ್ಮ ಆ ಪೋಸ್ಟ್ ಕಾಣ್ತಿಲ್ಲ. ನಮ್ಮ ಮೇಲಿನವರಿಗೆ ತೋರಿಸ್ಬೇಕಿತ್ತು."

ತಾಂತ್ರಿಕ ತೊಂದರೆ ಎಂದಿದ್ದರೆ ಮುಗಿಯುತ್ತಿತ್ತು. ಪಕ್ಕದಲ್ಲಿ ಕೂತ ನಾದಿನಿ ಹಾಗೇ ಹೇಳೆಂದು ಕೈಸನ್ನೆ ಮಾಡಿದಳು. ಟೈಪಕ್ಕ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು; ಬಿಡಲಿಲ್ಲ, ಸೇರಿಸಲಿಲ್ಲ.

"ಅಂದ್ರೆ ಅದು ನಿಜವಾದ ರೋಗಿಯ ವರದಿನಾ? ಅವರನ್ನ ಕೇಳಿರ್ಲಿಲ್ವಾ?"

"ಪಟ್ಟಿ ಹಾಕಿದ್ದೆ ಮೇಡಂ."

"ಮೇಡಂ, ನಮ್ಮಲ್ಲಿ ದಿನಕ್ಕೆ ಸಾವಿರ ಜನರ ವರದಿ ಬರತ್ತೆ. ನಿಮ್ಮ ಕೈಗೆ ಕೊಡೋಕೆ ಆಗಲ್ಲ. ಬೇಜಾರು ಮಾಡ್ಕೊಬೇಡಿ." ಈಗಲೂ ಮೃದುವಾಗಿಯೇ ಹೇಳಿದಳು.

ಇಪ್ಪತ್ತೆರಡು ವರ್ಷ ಬಾಯಿ ಬಿಡದವಳು ಎಂದು ಇನ್ನು ಯಾವ ಮುಖದಲ್ಲಿ ಹೇಳಿಕೊಳ್ಳುವುದು? ಟೈಪಕ್ಕ ಫೋನು ಕೆಳಗಿಟ್ಟಳು. ನಾದಿನಿ ಅತ್ತಳು. ಟೈಪಕ್ಕ ಗಡಿಯಾರ ನೋಡಿ ಗಂಡನನ್ನು ಎಡಮಗ್ಗುಲಿಗೆ ತಿರುಗಿಸಿದಳು, ಹೊತ್ತಾಗಿತ್ತು.

ಬಟ್ಟೆ ಕಾರ್ಖಾನೆಯ ಗೇಟಿನಲ್ಲಿ ಹಾಜರಿ ಬರೆಯುವ ಕೆಲಸ ಸಿಕ್ಕಿತು. ಬೆಳಿಗ್ಗೆ ಏಳಕ್ಕೆ ಹೋದರೆ ಬರುವುದು ಸಂಜೆ ಆರಕ್ಕೆ. ಅಷ್ಟು ಹೊತ್ತು ಅಣ್ಣನನ್ನು ನೋಡಿಕೊಳ್ಳಲು ನಾದಿನಿಗೂ ಆಗದು. ಅವಳ ಮನೆಯಲ್ಲೇ ಹಾಸಿಗೆ ಹಿಡಿದ ಅತ್ತೆಯಿದ್ದಳು. ಆರೈಕೆ ಮನೆಗೆ ಫೋನು ಹೋಯಿತು. ಮಂಗಳವಾರ ಗಾಡಿ ಕಳಿಸುತ್ತೇವೆ ಎಂದರು. ಗಂಡನ ಬಟ್ಟೆಗಳನ್ನು ಅವಳು ಒಂದೊಂದಾಗಿ ಮಡಚಿ, ಪ್ರತಿಯೊಂದರ ಒಳಗೂ ಅವನ ಹೆಸರಿನ ಪಟ್ಟಿ ಹೊಲಿದಳು. ಹಾಗೆ ಮಾಡಬೇಕೆಂದು ಅವರೇ ಹೇಳಿದ್ದರು. ಇಲ್ಲದಿದ್ದರೆ ಯಾರದು ಯಾವುದೆಂದು ತಿಳಿಯುವುದಿಲ್ಲವಂತೆ.

ಭಾನುವಾರ ಒಂಬತ್ತಕ್ಕೆ ಬಾಗಿಲು ಬಡಿದ ಸದ್ದಾಯಿತು. ಒಂದೂವರೆ ನಿಂತಿದ್ದ, ಕೈಯಲ್ಲಿ ಪೆಟ್ಟಿಗೆ.

"ಪೇಂಟರನ್ನ ಕಳಿಸ್ತಿದೀರಂತೆ. ನಾನೂ ಈ ವಾರ ಅಂಗಡಿ ಖಾಲಿ ಮಾಡ್ತಿದೀನಿ. ಬಾಮೈದ ತನ್ನ ಊರಲ್ಲಿ ಏನೋ ಕೆಲಸ ನೋಡಿದಾನೆ. ಇವರು ಗಡ್ಡ ಬಿಟ್ಕೊಂಡು ಹೋಗೋದು ಬೇಡ ಅಂತ ಬಂದೆ."

ಅವಳು ಬಿಸಿನೀರು ತಂದಿಟ್ಟಳು. ದಿಂಬು ಎತ್ತರಿಸಿದಳು. ಹದಿನಾಲ್ಕು ದಿನದ ಗಡ್ಡ, ಬೆಳ್ಳಗೆ. ಒಂದೂವರೆ ಟವೆಲು ಹೊದಿಸಿ, ಬ್ರಶ್ಶಿನಲ್ಲಿ ಸೋಪು ನೊರೆಯೆಬ್ಬಿಸಿ, ಕೆನ್ನೆಗೂ ಕುತ್ತಿಗೆಗೂ ಹಚ್ಚಿದ. "ಅಲ್ಲಿಯ ನರ್ಸಮ್ಮ ನಿಮ್ಮನ್ನ ನೋಡಿ ಮದುಮಗ ಅನ್ಕೊಬೇಕು ಪೇಂಟ್ರೇ." ಪೇಂಟರ ಕಣ್ಣು ನಕ್ಕಿತು. ಹೊಸ ಬ್ಲೇಡು ಸಿಕ್ಕಿಸಿದ. ಪೇಂಟರು ಯಾವಾಗಿನಂತೆ ಗದ್ದ ಮೇಲೆತ್ತಿ ಕತ್ತನ್ನು ಮುಂದಿಟ್ಟ.

ಒಂಬತ್ತು ವರ್ಷದಿಂದ ಟೈಪಕ್ಕನಿಗೆ ಗೊತ್ತಿತ್ತು. ಒಂಬತ್ತು ವರ್ಷದಲ್ಲಿ ಒಂದು ದಿನವೂ ಅವಳಿಗೆ ಈ ಕೈಯ ಮೇಲೆ ಅನುಮಾನ ಬಂದಿರಲಿಲ್ಲ. ಅವನು ಗಡ್ಡ ಮಾಡುವಾಗ ಅವಳು ಒಳಗೆ ಪಾತ್ರೆ ತೊಳೆಯುತ್ತಿದ್ದಳು. ಇವತ್ತು ಒಳಗೆ ಹೋಗದೆ ಮಂಚದ ಪಕ್ಕದಲ್ಲೇ ನಿಂತಳು. ಆ ಮುನ್ನೂರ ಹನ್ನೆರಡು ಮಾತುಗಳೂ ಅವಳ ತಲೆಯಲ್ಲಿ ಸಾಲಾಗಿ ನಿಂತಿದ್ದವು. ಅವಳ ಕಣ್ಣು ಅವಳನ್ನು ಕೇಳದೆ ಅವನ ಬೆರಳುಗಳ ಮೇಲೆ ಹೋಯಿತು. ನಡುಗುತ್ತಿವೆಯೇ ಎಂದು ನೋಡಿತು.

ನಡುಗುತ್ತಿರಲಿಲ್ಲ. ಅಷ್ಟರಲ್ಲಿ ಅವನು ತಲೆಯೆತ್ತಿದ್ದ. ಅವಳು ಎಲ್ಲಿ ನೋಡುತ್ತಿದ್ದಾಳೆ ಎಂಬುದನ್ನು ಕಂಡ.

ಅವನು ಕತ್ತಿಯನ್ನು ಮಡಚಿದ. ಬ್ರಶ್ಶನ್ನು ಬಿಸಿನೀರಿನಲ್ಲಿ ಅದ್ದಿ ತೊಳೆದು, ಝಾಡಿಸಿ, ಪೆಟ್ಟಿಗೆಯಲ್ಲಿ ಅದರ ಜಾಗದಲ್ಲಿಟ್ಟ.

"ನಾನು ಹಾಗಲ್ಲ..." ಎಂದಳು ಟೈಪಕ್ಕ.

"ಬಿಡಿ ಅಕ್ಕ. ನನಗೇ ಇವತ್ತು ಯಾಕೋ ಬೇಡ ಅನ್ನಿಸ್ತು." ಪೇಂಟರ ಎಡಗೈಯನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಿಸಿದ. "ಬರ್ತೀನಿ ಪೇಂಟ್ರೇ. ಆರೋಗ್ಯ ನೋಡ್ಕೊಳ್ಳಿ."

ಮೆಟ್ಟಿಲ ಮೇಲೆ ಅವನ ಹೆಜ್ಜೆ ಕೇಳಿಸಿತು, ಒಂದು ಗಟ್ಟಿ, ಒಂದು ಮೆಲ್ಲಗೆ, ಬೀದಿಯ ಸದ್ದಿನಲ್ಲಿ ಸೇರುವವರೆಗೂ.

ಪೇಂಟರು ಗದ್ದ ಇನ್ನೂ ಮೇಲೆತ್ತಿಕೊಂಡೇ ಇದ್ದ. ನೊರೆ ಅಂಚಿನಲ್ಲಿ ಒಣಗಿ ಬಿರುಕು ಬಿಡತೊಡಗಿತ್ತು. ಟೈಪಕ್ಕ ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ, ಒಂದು ಕೆನ್ನೆ, ಇನ್ನೊಂದು ಕೆನ್ನೆ, ಆಮೇಲೆ ಕತ್ತು, ನಿಧಾನವಾಗಿ ಒರೆಸಿದಳು. ನೊರೆಯ ಅಡಿಯಿಂದ ಬಿಳಿ ಗಡ್ಡ ಹಾಗೆಯೇ ಮತ್ತೆ ಮೇಲೆ ಬಂತು.

"ಸರಿ" ಎಂದ ಪೇಂಟರು.

ಅದು ಯಾವ ಸರಿ ಎಂದು ಅವಳಿಗೆ ತಿಳಿಯಲಿಲ್ಲ.